ಹೆರಿಗೆಯಲ್ಲಿ ಗರ್ಭಕೋಶ ಕಳೆದುಕೊಂಡವಳು

ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ನಿಮಗೆ ಬೇಕಾದ ವಿಷಯ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಬಹಳ ಯೋಚಿಸಲಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋಗಿ, ಬಾಣಂತಿಯ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುತ್ತದಲ್ಲ, ಅದರ ಬಗ್ಗೆ ಮಾತಾಡುತ್ತೇನೆ ಎಂದೆ. ಇದು ಡಾಕ್ಟರುಗಳ ಸಮ್ಮೇಳನಕ್ಕೆ ಸೇರಿದ ವಿಷಯ, ಊರವರ ಮುಂದೆ ಯಾಕೆ ಎಂದು ಕೆಲವರು ಕೇಳಿದರು. ಊರವರ ಮುಂದೆಯೇ ಆಡಬೇಕಾದ ಮಾತು ಎಂದು ನಾನು ನಂಬಿದ್ದೇನೆ. ಕಾರಣ ಸರಳವಾಗಿದೆ. ಆ ಆಪರೇಷನ್ ನಡೆಯುವ ಹೊತ್ತಿಗೆ ಯಾರ ಹೊಟ್ಟೆಯ ಮೇಲೆ ನಡೆಯುತ್ತಿದೆಯೋ ಅವಳು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಪ್ರಜ್ಞೆ ಹೋಗಿರುತ್ತದೆ, ಇಲ್ಲವೇ ಮಂಪರು ಕೊಟ್ಟಿರುತ್ತಾರೆ. ಆದ್ದರಿಂದ ಅವಳ ಜೊತೆ ಆಡಬೇಕಾದ ಮಾತೆಲ್ಲ ಅದಕ್ಕೆ ಮೊದಲು ಆಗಿರಬೇಕು, ಉಳಿದದ್ದು ಆಮೇಲೆ ಆಗಬೇಕು. ನಮ್ಮಲ್ಲಿ ಎರಡೂ ಆಗುತ್ತಿಲ್ಲ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದ ಮಾತೆಲ್ಲ ಇದರ ಸುತ್ತಲಿನದು.

ಮೊದಲು ಸ್ವಲ್ಪ ಇತಿಹಾಸ. 1876ರ ಮೇ 21, ಇಟಲಿಯ ಪಾವಿಯಾ ನಗರ. ಎಡ್ವಾರ್ಡೊ ಪೊರ್ರೊ ಎಂಬ ಪ್ರಸೂತಿ ವೈದ್ಯ ಜೂಲಿಯಾ ಕವಲ್ಲಿನಿ ಎಂಬ ಇಪ್ಪತ್ತೈದು ವರ್ಷದ ಚೊಚ್ಚಲ ಗರ್ಭಿಣಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದರು. ಆಕೆ ತೀರ ಗಿಡ್ಡ ಆಳು, ರಿಕೆಟ್ಸ್ ರೋಗದಿಂದ ಸೊಂಟದ ಮೂಳೆ ಸೊಟ್ಟಗಾಗಿತ್ತು. ಮಗು ಕೆಳದಾರಿಯಲ್ಲಿ ಬರುವ ಹಾಗೇ ಇರಲಿಲ್ಲ. ಆ ಕಾಲದಲ್ಲಿ ಸಿಸೇರಿಯನ್ ಅಂದರೆ ತಾಯಿಗೆ ಹೆಚ್ಚುಕಡಿಮೆ ಮರಣದಂಡನೆ. ಗರ್ಭಕೋಶ ಕೊಯ್ದು ಮಗು ತೆಗೆದ ಮೇಲೆ ಆ ಗಾಯಕ್ಕೆ ಹೊಲಿಗೆ ಹಾಕುವ ರೂಢಿ ಇರಲಿಲ್ಲ. ರಕ್ತ ಸೋರುತ್ತಿತ್ತು, ಕೀವಾಗುತ್ತಿತ್ತು, ತಾಯಿ ಸಾಯುತ್ತಿದ್ದಳು. ಗರ್ಭಕೋಶವನ್ನೇ ತೆಗೆದುಬಿಟ್ಟರೆ ರಕ್ತಸ್ರಾವಕ್ಕೂ ಕೀವಿಗೂ ಜಾಗವೇ ಉಳಿಯುವುದಿಲ್ಲ ಎಂದು ಪೊರ್ರೊ ಮೊದಲೇ ಲೆಕ್ಕ ಹಾಕಿದ್ದರು. ಹಾಗೇ ಮಾಡಿದರು. ಹೆಣ್ಣು ಮಗು ಬದುಕಿತು, ಜೂಲಿಯಾ ಕೂಡ ಬದುಕಿದಳು. ಇದಕ್ಕೆ ಮೊದಲು ಅಮೆರಿಕದ ಬಾಸ್ಟನ್ನಿನಲ್ಲಿ ಹೊರೇಷಿಯೊ ಸ್ಟೋರರ್ ಇಂಥದೇ ಆಪರೇಷನ್ ಮಾಡಿದ್ದರು. ಆ ತಾಯಿ ಮೂರು ದಿನ ಕೂಡ ಉಳಿದಿರಲಿಲ್ಲ. ಆರು ವರ್ಷ ಕಳೆದು 1882ರಲ್ಲಿ ಲೈಪ್‌ಜಿಗ್‌ನ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶದ ಗಾಯವನ್ನು ಹೊಲಿಯುವ ಕ್ರಮ ತೋರಿಸಿಕೊಟ್ಟರು. ಅಲ್ಲಿಂದಾಚೆಗೆ ಸಿಸೇರಿಯನ್ ಆದ ಎಲ್ಲರ ಗರ್ಭಕೋಶ ತೆಗೆಯುವ ಅಗತ್ಯ ತಪ್ಪಿತು. ಆದರೆ ಪೊರ್ರೊ ಕಲಿಸಿದ ಪಾಠ ಉಳಿದುಕೊಂಡಿತು: ಬೇರೆ ಯಾವ ದಾರಿಯೂ ಇಲ್ಲವೆಂದಾಗ, ಅಂಗ ಹೋದರೂ ಆಳು ಉಳಿಯಬೇಕು.

ಆ ಘಟ್ಟ ಯಾಕೆ ಬರುತ್ತದೆ ಎಂದು ತಿಳಿಯಬೇಕಾದರೆ ಗರ್ಭಕೋಶ ರಕ್ತವನ್ನು ಹೇಗೆ ನಿಲ್ಲಿಸಿಕೊಳ್ಳುತ್ತದೆ ಎಂದು ತಿಳಿದಿರಬೇಕು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿದು ಬರುತ್ತದೆ. ಮಾಸು ಬಿಟ್ಟ ಕೂಡಲೇ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಅವುಗಳ ಸುತ್ತ ಅಡ್ಡಡ್ಡ, ಉದ್ದುದ್ದ ಹೆಣೆದುಕೊಂಡಿರುವ ಸ್ನಾಯುಗಳು ಬಿಗಿಯಾಗಿ ಹಿಡಿದುಕೊಂಡು ಆ ಬಾಯಿಗಳನ್ನು ಹಿಸುಕಿ ಮುಚ್ಚುತ್ತವೆ. ನುರಿತ ನರ್ಸಮ್ಮ ಹೆರಿಗೆಯಾದ ಮೇಲೆ ಹೊಕ್ಕುಳ ಕೆಳಗೆ ಅಂಗೈ ಇಟ್ಟು ನೋಡುವುದು ಇದನ್ನೇ. ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಅವಳಿಗೆ ನೆಮ್ಮದಿ. ಮೆತ್ತಗಿದ್ದು ಎಲ್ಲಿದೆಯೆಂದೇ ಗೊತ್ತಾಗದಿದ್ದರೆ ಸ್ನಾಯು ಸೋತಿದೆ ಎಂದು ಅರ್ಥ. ಹೆರಿಗೆ ನಂತರದ ರಕ್ತಸ್ರಾವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಮಾಸಿನ ಚೂರು ಒಳಗೆ ಉಳಿಯುವುದು, ಗರ್ಭಕೋಶದ ಬಾಯಿ ಹರಿಯುವುದು, ಹಳೆಯ ಸಿಸೇರಿಯನ್ ಗಾಯ ಬಿಚ್ಚಿಕೊಳ್ಳುವುದು, ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುವುದು ಉಳಿದ ಕಾರಣಗಳು. ಮಾಸು ಗರ್ಭಕೋಶದ ಗೋಡೆಯೊಳಗೇ ಬೇರುಬಿಟ್ಟಿರುವುದು ಇನ್ನೊಂದು. ಅದು ಬೇರೆಯದೇ ಕಥೆ, ಆಮೇಲೆ ಹೇಳುತ್ತೇನೆ.

ಈಗ ರಕ್ತ ಅಳೆಯುವ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ಬೆಳಗಾವಿಯ ಪಾಲು ದೊಡ್ಡದು, ನಮ್ಮವರಿಗೇ ಅದು ಗೊತ್ತಿಲ್ಲ. ಹೆರಿಗೆ ಕೋಣೆಯಲ್ಲಿ ರಕ್ತ ಎಲ್ಲಿ ಹೋಗುತ್ತದೆ ನೋಡಿ. ಒಂದಷ್ಟು ರಬ್ಬರ್ ಶೀಟಿನ ಮೇಲೆ, ಒಂದಷ್ಟು ಹತ್ತಿಯಲ್ಲಿ, ಒಂದಷ್ಟು ಸೀರೆಯಲ್ಲಿ, ಒಂದಷ್ಟು ಬಕೆಟ್ಟಿನಲ್ಲಿ ನೀರಿನ ಜೊತೆ. ಕಣ್ಣಳತೆಯಲ್ಲಿ ‘ಒಂದು ನಾನೂರು ಹೋಗಿರಬಹುದು’ ಎಂದು ಬರೆಯುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಸರಳ ಪ್ಲಾಸ್ಟಿಕ್ ಹಾಳೆ ತಯಾರಿಸಿದರು. ಬಾಣಂತಿಯ ಸೊಂಟದ ಕೆಳಗೆ ಹಾಸಿ, ಎರಡು ದಾರಗಳಿಂದ ಹೊಟ್ಟೆಗೆ ಕಟ್ಟುತ್ತಾರೆ. ಕೆಳತುದಿ ಲಾಳಿಕೆಯ ಆಕಾರದಲ್ಲಿ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿವೆ. ರಕ್ತ ಅದರಲ್ಲಿ ಇಳಿದು ನಿಲ್ಲುತ್ತದೆ, ಯಾರು ಬೇಕಾದರೂ ಓದಬಹುದು. ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಕಣ್ಣಳತೆಯನ್ನೂ ಈ ಚೀಲದ ಅಳತೆಯನ್ನೂ ಹೋಲಿಸಿ 2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಳತೆಯವರು ಸುಮಾರು ಮೂರರಲ್ಲಿ ಒಂದು ಪಾಲು ರಕ್ತವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅದೇ ವರ್ಷ ಅದೇ ತಂಡದ ಇನ್ನೊಂದು ಕೆಲಸ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಆಸ್ಪತ್ರೆಯಿಂದ ದೂರದಲ್ಲಿ ಹೆತ್ತ 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ರಕ್ತಸ್ರಾವವಾದವರು ಶೇ. 12ರಿಂದ ಶೇ. 6.4ಕ್ಕೆ ಇಳಿದರು. ಫ್ರಿಜ್ ಬೇಡ, ಸೂಜಿ ಬೇಡ, ಡಾಕ್ಟರ್ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ಎಎನ್‌ಎಂಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರಲ್ಲಿ ಯಾರಾದರೂ ಈ ಸಭೆಯಲ್ಲಿ ಕೂತಿದ್ದರೆ ಅವರಿಗೆ ನನ್ನ ನಮಸ್ಕಾರ.

ಅಳತೆಯ ಚೀಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ‘ಇ-ಮೋಟಿವ್’ ಎಂಬ ಅಧ್ಯಯನ ನಡೆದು 2023ರಲ್ಲಿ ಫಲಿತಾಂಶ ಬಂತು. ಮಾಡಿದ್ದು ದೊಡ್ಡದೇನಲ್ಲ. ಪ್ರತಿ ಬಾಣಂತಿಯ ಕೆಳಗೂ ಅಳತೆಯ ಹಾಳೆ. ರಕ್ತ ಗೆರೆ ಮುಟ್ಟಿದ ಕೂಡಲೇ ಹೊಟ್ಟೆ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗೆ ಕೈಹಾಕಿ ಪರೀಕ್ಷೆ, ಕೈಮೀರಿದರೆ ದೊಡ್ಡವರಿಗೆ ಕರೆ. ಒಂದಾದ ಮೇಲೆ ಒಂದು ಎಂದು ಕಾಯದೆ ಎಲ್ಲವೂ ಒಟ್ಟಿಗೇ. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಅರ್ಧದಷ್ಟು ರಕ್ತಸ್ರಾವಗಳು ಮಾತ್ರ ಗಮನಕ್ಕೆ ಬರುತ್ತಿದ್ದವು; ಇಲ್ಲಿ ಶೇ. 93 ಬಂದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವುದು, ಅದರಿಂದ ಸಾವು, ಇವೆಲ್ಲ ಒಟ್ಟು ಸೇರಿ ಶೇ. 60ರಷ್ಟು ಇಳಿದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿಯೂ ಬಂತು: 500 ಮಿಲಿಲೀಟರ್ ಆಗುವವರೆಗೆ ಕಾಯಬೇಡಿ, 300 ದಾಟಿ ನಾಡಿ, ರಕ್ತದೊತ್ತಡ ಏರುಪೇರಾದರೆ ಆಗಲೇ ಚಿಕಿತ್ಸೆಗೆ ಕೈಹಾಕಿ ಎಂದು. ನಮ್ಮ ರಾಜ್ಯದಲ್ಲೇ ಹುಟ್ಟಿದ ಈ ಹಾಳೆ ನಮ್ಮ ತಾಲ್ಲೂಕು ಆಸ್ಪತ್ರೆಯ ಪ್ರತಿ ಹೆರಿಗೆಯಲ್ಲೂ ಇರಬೇಕು. ಇಲ್ಲಿ ಯಾರಿಗಾದರೂ ಆಸ್ಪತ್ರೆಗೆ ದಾನ ಕೊಡುವ ಮನಸ್ಸಿದ್ದರೆ ಫ್ಯಾನು, ಕುರ್ಚಿ, ನೀರಿನ ಫಿಲ್ಟರ್ ಕೊಡುವ ಮೊದಲು ಇದನ್ನು ಕೇಳಿ ಕೊಡಿಸಿ.

ಮದ್ದಿನ ಮಾತು ಬಂತು. ಟ್ರಾನೆಕ್ಸಾಮಿಕ್ ಆಸಿಡ್ ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. 1962ರಲ್ಲಿ ಅದರ ವಿವರ ಪ್ರಕಟವಾಯಿತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದ ಹೆಣ್ಣುಮಗಳು ಆಕೆ. ಹೆರಿಗೆಯಲ್ಲಿ ಸಾಯುವ ತಾಯಂದಿರಿಗೆ ಇದನ್ನು ಕೊಟ್ಟು ನೋಡಿ ಎಂಬ ಅವರ ಮಾತನ್ನು ದಶಕಗಳ ಕಾಲ ಯಾರೂ ಕೇಳಲಿಲ್ಲ. ಕೊನೆಗೆ 21 ದೇಶಗಳ 20,060 ತಾಯಂದಿರ ಮೇಲೆ ಅಧ್ಯಯನ ನಡೆದು, ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವುಗಳಲ್ಲಿ ಸುಮಾರು ಮೂರರಲ್ಲೊಂದು ತಪ್ಪುತ್ತದೆ ಎಂದು 2017ರಲ್ಲಿ ಖಚಿತವಾಯಿತು. ಉತಾಕೊ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಔಷಧಿ ಸೋತ ಮೇಲೂ ಗರ್ಭಕೋಶ ಉಳಿಸುವ ದಾರಿಗಳಿವೆ. ಢಾಕಾದಲ್ಲಿ ಡಾ. ಸಾಯೆಬಾ ಅಖ್ತರ್ ಮಾಡಿದ್ದನ್ನು ಕೇಳಿ. ರಕ್ತ ನಿಲ್ಲಿಸಲು ಗರ್ಭಕೋಶದೊಳಗೆ ಇಟ್ಟು ಉಬ್ಬಿಸುವ ವಿದೇಶದ ಬಲೂನು ಅವರ ಆಸ್ಪತ್ರೆಯ ಬಡ ತಾಯಂದಿರಿಗೆ ಕೈಗೆಟುಕುವ ಬೆಲೆಯದಾಗಿರಲಿಲ್ಲ. ರಬ್ಬರ್ ಕ್ಯಾತೆಟರಿನ ತುದಿಗೆ ನಿರೋಧ್ ಕಟ್ಟಿ, ಗರ್ಭಕೋಶದ ಒಳಗಿಟ್ಟು, ಸಲೈನ್ ತುಂಬಿಸಿ ಉಬ್ಬಿಸಿದರು. ಉಬ್ಬಿದ ನಿರೋಧ್ ಒಳಗಿನಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿತು. 2003ರಲ್ಲಿ ಅವರು ವರದಿ ಮಾಡಿದ 23 ತಾಯಂದಿರಲ್ಲಿ ಎಲ್ಲರೂ ಬದುಕಿದರು. ಇವತ್ತು ನಮ್ಮ ಜಿಲ್ಲಾ ಆಸ್ಪತ್ರೆಗಳ ಲೇಬರ್ ವಾರ್ಡಿನಲ್ಲಿ ಇದು ದಿನಬಳಕೆಯ ವಿದ್ಯೆ.

ಇನ್ನೊಂದು, ಬಿ-ಲಿಂಚ್ ಹೊಲಿಗೆ. ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಕ್ರಿಸ್ಟೋಫರ್ ಬಿ-ಲಿಂಚ್ ಇದನ್ನು ಮೊದಲು ಹಾಕಿದ್ದು 1989ರಲ್ಲಿ. ವಿಪರೀತ ರಕ್ತ ಹೋಗುತ್ತಿದ್ದ ಒಬ್ಬ ತಾಯಿ ಗರ್ಭಕೋಶ ತೆಗೆಯಲು ಒಪ್ಪಿಗೆ ಕೊಡಲಿಲ್ಲ. ಬೇಡ ಅಂದರೆ ಬೇಡ. ಇನ್ನೇನು ಮಾಡುವುದೆಂದು ಯೋಚಿಸಿದ ವೈದ್ಯರು ಉದ್ದ ದಾರದಿಂದ ಗರ್ಭಕೋಶವನ್ನು ಮೇಲಿಂದ ಕೆಳಕ್ಕೆ ಬಳಸಿ, ಹಿಸುಕಿ ಕಟ್ಟಿದರು. ರಕ್ತ ನಿಂತಿತು. 1997ರಲ್ಲಿ ಐದು ಪ್ರಕರಣಗಳೊಂದಿಗೆ ಅದನ್ನು ಪ್ರಕಟಿಸಿದರು. ಆಮೇಲೆ ಲೋಕದ ಎಲ್ಲ ಕಡೆ ಎಷ್ಟೋ ಗರ್ಭಕೋಶಗಳು ಆ ಹೊಲಿಗೆಯಿಂದ ಉಳಿದಿವೆ. ಬಾಯಿ ಬಿಟ್ಟು ಹೇಳುವಷ್ಟು ಪ್ರಜ್ಞೆಯಿದ್ದ ಒಬ್ಬಳು ಬೇಡವೆಂದಳು, ಒಬ್ಬ ವೈದ್ಯ ಆ ಮಾತನ್ನು ಕಿವಿಗೆ ಹಾಕಿಕೊಂಡ. ನನ್ನ ವಿದ್ಯಾರ್ಥಿಗಳಿಗೆ ಈ ಹೊಲಿಗೆ ಕಲಿಸುವಾಗ ದಾರ ಹಿಡಿಯುವ ಮೊದಲು ಇದನ್ನು ಹೇಳುತ್ತೇನೆ.

ಆದರೂ ಕೆಲವೊಮ್ಮೆ ಏನು ಮಾಡಿದರೂ ರಕ್ತ ನಿಲ್ಲುವುದಿಲ್ಲ. ಆಗ ನಿರ್ಧಾರ ತಡ ಮಾಡಬಾರದು. ಚಿಕ್ಕ ವಯಸ್ಸು, ಒಂದೇ ಮಗು, ಇನ್ನೊಂದು ಸಲ ನೋಡೋಣ, ಇನ್ನೊಂದು ಬಾಟಲಿ ರಕ್ತ ಹಾಕಿ ನೋಡೋಣ ಎಂದು ಕಾದ ಅರ್ಧ ಗಂಟೆಯಲ್ಲಿ ಗರ್ಭಕೋಶವೂ ಹೋಗುತ್ತದೆ, ತಾಯಿಯೂ ಹೋಗುತ್ತಾಳೆ. ಒಂದು ಹಂತ ದಾಟಿದ ಮೇಲೆ ಮೈಯಲ್ಲಿ ಉಳಿದ ರಕ್ತ ಹೆಪ್ಪುಗಟ್ಟುವುದಿಲ್ಲ. ಇದನ್ನು ನೋಡಲು ಲ್ಯಾಬೇ ಬೇಕೆಂದಿಲ್ಲ. ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ರಕ್ತ ತೆಗೆದುಕೊಂಡು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, ಏಳೆಂಟು ನಿಮಿಷದ ಮೇಲೆ ಓರೆ ಮಾಡಿ ನೋಡುತ್ತೇವೆ. ಗಡ್ಡೆಯಾಗಿ ನಿಂತರೆ ಸರಿ. ನೀರಿನ ಹಾಗೆ ಹರಿದರೆ ಹೊಲಿಗೆ ಹಾಕಿದ ಸೂಜಿತೂತಿನಲ್ಲೂ ರಕ್ತ ಜಿನುಗುತ್ತದೆ, ಆಗ ಯಾವ ಕೈಚಳಕವೂ ನಡೆಯುವುದಿಲ್ಲ. ಪ್ಲಾಸ್ಮಾ, ಪ್ಲೇಟ್‌ಲೆಟ್ ಬರುವವರೆಗೆ ಒಬ್ಬರು ಹೊಕ್ಕುಳ ಮೇಲೆ ಮುಷ್ಟಿಯಿಟ್ಟು ಬೆನ್ನುಮೂಳೆಗೆ ಒತ್ತಿ ಮಹಾಧಮನಿಯನ್ನು ಹಿಡಿದಿರಬೇಕು. ಇದನ್ನು ನರ್ಸಿಂಗ್ ವಿದ್ಯಾರ್ಥಿನಿ ಕೂಡ ಮಾಡಬಲ್ಲಳು. 108 ಆಂಬುಲೆನ್ಸಿನಲ್ಲಿ ಮೇಲಿನ ಆಸ್ಪತ್ರೆಗೆ ಕಳಿಸುವಾಗ ದಾರಿಯುದ್ದಕ್ಕೂ ಹೀಗೆ ಒತ್ತಿ ಹಿಡಿದುಕೊಂಡು ಬಂದು ತಾಯಿಯನ್ನು ನಮ್ಮ ಕೈಗೆ ಜೀವಂತ ಒಪ್ಪಿಸಿದ ಸ್ಟಾಫ್ ನರ್ಸುಗಳನ್ನು ನಾನು ಕಂಡಿದ್ದೇನೆ.

ಆಪರೇಷನ್ ಸುಲಭದ್ದಲ್ಲ. ಮಾಮೂಲಿ ಗರ್ಭಕೋಶದ ಆಪರೇಷನ್ನಿಗೂ ಇದಕ್ಕೂ ಅಜಗಜಾಂತರ. ರಕ್ತನಾಳಗಳು ಬೆರಳುಗಾತ್ರ ಉಬ್ಬಿರುತ್ತವೆ, ಅಂಗಾಂಶ ನೀರು ತುಂಬಿಕೊಂಡು ಮೆದುವಾಗಿರುತ್ತದೆ, ಹಿಡಿದಲ್ಲಿ ಹರಿಯುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಮೂತ್ರಕೋಶ ಗಾಯಕ್ಕೆ ಅಂಟಿಕೊಂಡಿರುತ್ತದೆ. ಮೂತ್ರನಾಳವಂತೂ ಗರ್ಭಕೋಶದ ಧಮನಿಯ ಅಡಿಯಲ್ಲೇ ಹಾದುಹೋಗುತ್ತದೆ. ರಕ್ತ ತುಂಬಿದ ಹೊಟ್ಟೆಯಲ್ಲಿ ಗಾಬರಿಯಿಂದ ಚಿಮ್ಮಟ ಹಾಕಿದರೆ ಅದೂ ಸಿಕ್ಕಿಕೊಳ್ಳುತ್ತದೆ. ಹೊತ್ತು ಉಳಿಸಲು ಎಷ್ಟೋ ಸಲ ಗರ್ಭಕೋಶದ ಮೇಲ್ಭಾಗವನ್ನು ತೆಗೆದು ಕಂಠವನ್ನು ಉಳಿಸುತ್ತೇವೆ. ಅಂಡಾಶಯಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಈ ಎರಡು ಮಾತು ನೆನಪಿಡಿ, ಮತ್ತೆ ಬರುತ್ತೇನೆ. 2005-06ರಲ್ಲಿ ಬ್ರಿಟನ್ನಿನ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ವರ್ಷ ಲೆಕ್ಕ ಇಟ್ಟು ನೋಡಿದಾಗ ಹತ್ತು ಸಾವಿರ ಹೆರಿಗೆಗೆ ಸುಮಾರು ನಾಲ್ಕು ತಾಯಂದಿರಿಗೆ ಈ ಆಪರೇಷನ್ ಆಗಿತ್ತು. ಅವರಲ್ಲಿ ಒಬ್ಬಳು ಸತ್ತರೆ 150ಕ್ಕೂ ಹೆಚ್ಚು ಮಂದಿ ಬದುಕುತ್ತಿದ್ದರು. ರಕ್ತನಿಧಿ, ಅರಿವಳಿಕೆ ತಜ್ಞರು, ಐಸಿಯು, ಹಿರಿಯ ವೈದ್ಯರು ಹತ್ತಿರದಲ್ಲೇ ಇರುವ ಕಡೆ ಇದು ಸಾಧ್ಯವಾಗಿದೆ. ಈ ಸೌಕರ್ಯ ಇಲ್ಲದ ಕಡೆ ಈ ಲೆಕ್ಕ ಹೀಗಿರುವುದಿಲ್ಲ.

ಮಾಸು ಬೇರುಬಿಡುವ ಕಥೆ ಹೇಳುತ್ತೇನೆಂದಿದ್ದೆ. ಸಿಸೇರಿಯನ್ ಗಾಯ ಮಾಯ್ದ ಜಾಗದಲ್ಲಿ ಗರ್ಭಕೋಶದ ಒಳಪದರ ಸರಿಯಾಗಿ ಬೆಳೆದಿರುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಕೆಳಗಿಳಿದು ಅಲ್ಲೇ ಕೂತರೆ ತಡೆಯುವ ಪದರವಿಲ್ಲದೆ ಸ್ನಾಯುವಿನೊಳಕ್ಕೆ, ಕೆಲವೊಮ್ಮೆ ಮೂತ್ರಕೋಶದವರೆಗೂ ನುಗ್ಗುತ್ತದೆ. ಹೆರಿಗೆಯಾದ ಮೇಲೆ ಅದು ಬಿಡುವುದಿಲ್ಲ, ಎಳೆದರೆ ರಕ್ತದ ಕೋಡಿ. ಅಮೆರಿಕದಲ್ಲಿ 30,000ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರುವವರನ್ನೇ ತೆಗೆದುಕೊಂಡರೆ, ಮೊದಲ ಸಿಸೇರಿಯನ್ ಆಗುವವರಲ್ಲಿ ಶೇ. 3ರಷ್ಟು ಜನಕ್ಕೆ ಮಾಸು ಹೀಗೆ ಬೇರೂರಿತ್ತು. ಎರಡನೆಯ ಸಿಸೇರಿಯನ್‌ಗೆ ಶೇ. 11, ಮೂರನೆಯದಕ್ಕೆ ಶೇ. 40, ನಾಲ್ಕನೆಯದಕ್ಕೆ ಶೇ. 61. ಈಗ ನಮ್ಮ ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಸಿಸೇರಿಯನ್ 2015-16ರಲ್ಲಿ ಶೇ. 23.6 ಇತ್ತು, 2019-21ರ ಹೊತ್ತಿಗೆ ಶೇ. 31.5 ಆಯಿತು. ಬೇಕಾದ ಸಿಸೇರಿಯನ್ ಜೀವ ಉಳಿಸುತ್ತದೆ, ಅದನ್ನು ಹಳಿಯುವ ಮಾತು ನನ್ನದಲ್ಲ. ಒಳ್ಳೆ ನಕ್ಷತ್ರ ನೋಡಿ, ನೋವು ತಿನ್ನಲಾರೆನೆಂದು, ಡಾಕ್ಟರಿಗೆ ಹೊತ್ತಿಲ್ಲವೆಂದು ಆಗುವ ಮೊದಲ ಸಿಸೇರಿಯನ್ ಬಗ್ಗೆ ನಾನು ಹೇಳುತ್ತಿದ್ದೇನೆ. ಅದರ ಬೆಲೆ ಮೂರನೆಯ ಬಸಿರಿನಲ್ಲಿ ಗೊತ್ತಾಗುತ್ತದೆ. ಒಳ್ಳೆಯ ಮಾತೆಂದರೆ, ಇದನ್ನು ಸ್ಕ್ಯಾನಿಂಗಿನಲ್ಲಿ ಬಹುಮಟ್ಟಿಗೆ ಮೊದಲೇ ಪತ್ತೆ ಹಚ್ಚಬಹುದು. ಹಿಂದೆ ಸಿಸೇರಿಯನ್ ಆಗಿ ಈಗ ಮಾಸು ಕೆಳಗಿದೆ ಎಂದು ರಿಪೋರ್ಟಿನಲ್ಲಿ ಬರೆದಿದ್ದರೆ, ಆ ತಾಯಿ ತವರಿನ ಹತ್ತಿರದ ಚಿಕ್ಕ ನರ್ಸಿಂಗ್ ಹೋಮಿಗೆ ಹೋಗಬಾರದು. ರಕ್ತನಿಧಿಯಿರುವ ದೊಡ್ಡ ಆಸ್ಪತ್ರೆಯಲ್ಲಿ, ದಿನ ಗೊತ್ತುಮಾಡಿಕೊಂಡು, ನೋವು ಶುರುವಾಗುವ ಮೊದಲೇ ಹೆರಿಗೆಯಾಗಬೇಕು. ಮಾಸನ್ನು ಮುಟ್ಟದೆ ಮೇಲಿನಿಂದ ಮಗುವನ್ನು ತೆಗೆದು, ಮಾಸಿನ ಸಮೇತ ಗರ್ಭಕೋಶವನ್ನು ತೆಗೆಯುತ್ತಾರೆ. ಅಲ್ಲಿ ಅವಳನ್ನು ಕೂರಿಸಿಕೊಂಡು ಮಾತಾಡಲು ವಾರಗಟ್ಟಲೆ ಸಮಯವಿರುತ್ತದೆ.

ಮೊದಲೇ ಆಗಬೇಕಾದ ಇನ್ನೊಂದು ಕೆಲಸ, ರಕ್ತ. 2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಹನ್ನೆರಡು ಇರುವ ತಾಯಿ ಒಂದು ಲೀಟರ್ ಕಳೆದುಕೊಂಡು ತಾಳಿಕೊಳ್ಳಬಹುದು. ನಲವತ್ತು ಕೆಜಿ ತೂಕದ, ಹಿಮೋಗ್ಲೋಬಿನ್ ಏಳು ಇರುವ ತಾಯಿ ಅರ್ಧ ಲೀಟರಿಗೇ ಕುಸಿಯುತ್ತಾಳೆ. ಅವಳಲ್ಲಿ ಬಲೂನು, ಹೊಲಿಗೆ ಎಂದು ಒಂದೊಂದೇ ಉಪಾಯ ಮಾಡಿ ನೋಡಲು ನಮಗೆ ವೇಳೆಯೇ ಸಿಗುವುದಿಲ್ಲ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂಕಣ ಇರುವುದು ಇದಕ್ಕಾಗಿ. ಗಂಡಸರಿಗೆ ಒಂದು ಮಾತು: ರಕ್ತ ಬೇಕೆಂದ ಕೂಡಲೇ ಕಾರಿಡಾರಿನಲ್ಲಿ ನಿಂತಿದ್ದ ಹತ್ತು ಜನರಲ್ಲಿ ಎಂಟು ಜನ ಕಾಣೆಯಾಗುವುದು ನಿಲ್ಲಬೇಕು. ರಕ್ತ ಕೊಟ್ಟರೆ ದುಡಿಯುವ ಶಕ್ತಿ ಹೋಗುತ್ತದೆ ಎಂಬುದು ಸುಳ್ಳು.

ಒಪ್ಪಿಗೆಯ ಬಗ್ಗೆ. ನಮ್ಮ ಜನ ಈ ಆಪರೇಷನ್ ಎಂದರೆ ಅನುಮಾನ ಪಡುತ್ತಾರೆ, ಅದಕ್ಕೆ ಆಧಾರವಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಬೀರೂರಿನಲ್ಲಿ, ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಬೇಡದ ಕಡೆ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಿಗೆ ಬಂದಿವೆ. ಅದು ನಮ್ಮ ವೃತ್ತಿಗೆ ಅಂಟಿದ ಕಳಂಕ. ಹೆರಿಗೆಯ ಹೊತ್ತಿನಲ್ಲಿ ನಿಜವಾಗಿ ಜೀವ ಉಳಿಸಲು ತೆಗೆಯಬೇಕೆಂದಾಗಲೂ ಹೊರಗೆ ನಿಂತ ಮನೆಯವರು ನಂಬದೆ ಹೋಗುವುದು, ಸಹಿಗೆ ತಡಮಾಡುವುದು ಆ ಕಳಂಕದ ಫಲ. ಕಾನೂನು ಏನು ಹೇಳುತ್ತದೆ? 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪರೀಕ್ಷೆಗೆಂದು ಮಂಪರು ಕೊಟ್ಟ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕೂತಿದ್ದ ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ಹೆಣ್ಣಿನ ಪರವಾಗಿ ಬೇರೆಯವರ ಒಪ್ಪಿಗೆ ನಡೆಯುವುದಿಲ್ಲ ಎಂದಿತು ಕೋರ್ಟು. ಜೀವ ಉಳಿಸಲು ಅಗತ್ಯವಿದ್ದು, ಅವಳಿಗೆ ಎಚ್ಚರವಾಗುವವರೆಗೆ ಕಾಯುವುದು ಸರಿಯಲ್ಲದಿದ್ದರೆ ಮಾತ್ರ ವೈದ್ಯರು ಮುಂದುವರಿಯಬಹುದು. ಅಂದರೆ ರಕ್ತ ಹರಿಯುತ್ತಿರುವಾಗ ಗಂಡನ ಸಹಿಗಾಗಿ, ಮಾವನಿಗೆ ಫೋನು ಹತ್ತುವುದಕ್ಕಾಗಿ ಕಾಯುವ ಅಗತ್ಯ ಕಾನೂನಿನಲ್ಲಿಲ್ಲ. ಇಬ್ಬರು ಹಿರಿಯ ವೈದ್ಯರು ಕೂಡಿ ನಿರ್ಧರಿಸಿ ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಒಳ್ಳೆಯದು. ಇನ್ನೂ ಒಳ್ಳೆಯದು, ಅಪಾಯ ಹೆಚ್ಚಿರುವ ಪ್ರತಿ ಗರ್ಭಿಣಿಗೂ ಎಂಟನೇ ತಿಂಗಳಲ್ಲೇ, ಅವಳಿಗೇ ಹೇಳುವುದು: ತಾಯಿ, ಹೀಗಾಗುವ ಸಂಭವವಿದೆ, ಹಾಗಾದರೆ ನಾವು ಇಂತಿಂಥದು ಮಾಡುತ್ತೇವೆ, ನಿನ್ನ ಮನಸ್ಸಿನಲ್ಲಿ ಏನಿದೆ?

ಆಪರೇಷನ್ ಆಯಿತು, ತಾಯಿ ಉಳಿದಳು. ಮನೆಯವರು ಕೈಮುಗಿದರು, ನಾವು ಮುಂದಿನ ಕೇಸಿಗೆ ಹೋದೆವು. ಮೂರನೆಯ ದಿನ ರೌಂಡಿಗೆ ಹೋದಾಗ ಒಬ್ಬ ಹುಡುಗಿ ನನ್ನ ಕೋಟಿನ ಅಂಚು ಹಿಡಿದು ಕೇಳಿದಳು: “ಬಾಯಾರ, ನನಗ ಏನ್ ಮಾಡ್ಯಾರ? ಯಾರೂ ಹೇಳವಲ್ರು.” ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ತವರಿನವರಿಗೆ ಗೊತ್ತಿತ್ತು. ಹೆತ್ತವಳಿಗೆ ಮಾತ್ರ ಹೇಳಿರಲಿಲ್ಲ, ಹಸಿ ಬಾಣಂತಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು. ಪ್ರೀತಿಯಿಂದ ಮುಚ್ಚಿಟ್ಟಿದ್ದರು. ಪಕ್ಕದಲ್ಲಿ ಕೂತು ಹೇಳಿದೆ. ಅತ್ತಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ, “ಇನ್ನ ನಾ ಹೆಂಗಸಾಗಿ ಉಳದೇನ್ರಿ?”

ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಅಂಡಾಶಯಗಳು ಅಲ್ಲೇ ಇವೆ. ಹಾರ್ಮೋನು ಮೊದಲಿನಂತೆಯೇ ಬರುತ್ತದೆ. ಮುಟ್ಟು ಬರುವುದಿಲ್ಲ, ಮಗು ಹೊರಲಾಗುವುದಿಲ್ಲ. ಈ ಎರಡು ಬಿಟ್ಟರೆ ಅವಳ ಮೈಯಲ್ಲಿ ಹೆಣ್ತನವೆಂದು ಕರೆಯುವ ಯಾವುದೂ ಹೋಗಿಲ್ಲ. ಮುಪ್ಪು ಬೇಗ ಬರುತ್ತದೆ, ಗಂಡನ ಜೊತೆ ಇರಬಾರದು, ಭಾರ ಎತ್ತುವ ಕಾಲವೇ ಮುಗಿಯಿತು ಎಂದು ಹೇಳುವವರ ಮಾತು ಕೇಳಬೇಕಾಗಿಲ್ಲ. ಗಾಯ ಮಾಯ್ದ ಮೇಲೆ ಎಲ್ಲವನ್ನೂ ಮಾಡಬಹುದು. ಕಂಠ ಉಳಿಸಿದ್ದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಉಳಿದ ಹೆಂಗಸರಂತೆ ಅವಳೂ ಮಾಡಿಸುತ್ತಿರಬೇಕು. ಇದನ್ನು ಯಾರೂ ಹೇಳುವುದಿಲ್ಲ. ‘ನನಗೆ ಚೀಲವೇ ಇಲ್ಲ, ಯಾತರ ಪರೀಕ್ಷೆ’ ಎಂದು ಹತ್ತಿಪ್ಪತ್ತು ವರ್ಷ ಸುಮ್ಮನಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಹಾಲಿನ ವಿಷಯ. ಗರ್ಭಕೋಶ ಹೋದರೂ ಎದೆಹಾಲಿಗೆ ತೊಂದರೆ ಇಲ್ಲ, ಹಾಲು ಬರಬೇಕು. ಬಾರದಿದ್ದರೆ ಎಚ್ಚರ ವಹಿಸಬೇಕು. ಹಾಲು ಬರಲು ಬೇಕಾದ ಪಿಟ್ಯುಟರಿ ಗ್ರಂಥಿ ಬಸಿರಿನಲ್ಲಿ ದಪ್ಪವಾಗಿರುತ್ತದೆ. ವಿಪರೀತ ರಕ್ತ ಹೋಗಿ ಒತ್ತಡ ಕುಸಿದಾಗ ಅದಕ್ಕೆ ರಕ್ತ ಸಾಲದೆ ಒಂದು ಭಾಗ ಸತ್ತುಹೋಗಬಹುದು. ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಮೊದಲ ಲಕ್ಷಣ ಹಾಲು ಬಾರದಿರುವುದು, ಎರಡನೆಯದು ಮುಟ್ಟು ಮರಳದಿರುವುದು. ಗರ್ಭಕೋಶ ತೆಗೆದವಳಲ್ಲಿ ಎರಡನೆಯ ಲಕ್ಷಣ ನಮಗೆ ಸಿಗುವುದೇ ಇಲ್ಲ, ಮುಟ್ಟು ಹೇಗೂ ಇಲ್ಲವಲ್ಲ. ಆಯಾಸ, ಚಳಿ ತಡೆಯದಿರುವುದು, ಕಂಕುಳಿನ ಕೂದಲು ಉದುರುವುದು, ತಲೆ ಸುತ್ತುವುದು, ಇವನ್ನೆಲ್ಲ ‘ಬಾಣಂತನದ ನಿತ್ರಾಣ’ ಎಂದು ಮೆಂತ್ಯದ ಉಂಡೆ, ಅಂಟಿನುಂಡೆ ಕೊಟ್ಟು ವರ್ಷಗಟ್ಟಲೆ ಕಳೆಯುತ್ತಾರೆ. ಮುಂದೊಂದು ದಿನ ಜ್ವರವೋ ಭೇದಿಯೋ ಬಂದಾಗ ಮೈಯಲ್ಲಿ ಕಾರ್ಟಿಸಾಲ್ ಇಲ್ಲದೆ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಒಂದು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ದಿನಕ್ಕೊಂದೆರಡು ಮಾತ್ರೆಯಿಂದ ಸರಿಹೋಗುತ್ತದೆ. ಥೈರಾಯ್ಡ್ ಮಾತ್ರೆಗೆ ಮೊದಲು ಕಾರ್ಟಿಸಾಲ್ ಮಾತ್ರೆ ಶುರುಮಾಡಬೇಕು ಎಂಬುದನ್ನು ಇಲ್ಲಿರುವ ಕಿರಿಯ ವೈದ್ಯರು ಮರೆಯಬಾರದು. ಆಶಾ ಕಾರ್ಯಕರ್ತೆಯರೇ, ಹೆರಿಗೆಯಲ್ಲಿ ಬಾಟಲಿಗಟ್ಟಲೆ ರಕ್ತ ಹಾಕಿಸಿಕೊಂಡವಳ ಮನೆಗೆ ಹೋದಾಗ ‘ಹಾಲು ಬರುತ್ತಿದೆಯಾ’ ಎಂದು ಕೇಳಿ. ಆ ಪ್ರಶ್ನೆ ಮಗುವಿಗಾಗಿ ಎಷ್ಟೋ ತಾಯಿಗಾಗಿಯೂ ಅಷ್ಟೇ.

ಮಗುವೂ ಉಳಿಯದೆ ಹೋದವರಿದ್ದಾರೆ. ಅವರ ಸಂಕಟಕ್ಕೆ ನನ್ನ ಹತ್ತಿರ ಮಾತಿಲ್ಲ, ಮಾಹಿತಿ ಇದೆ. 2021ರ ಬಾಡಿಗೆ ತಾಯ್ತನ ಕಾಯ್ದೆಯಡಿ ಗರ್ಭಕೋಶ ಇಲ್ಲದಿರುವುದು ಒಪ್ಪಿತವಾದ ಕಾರಣ. ದಂಪತಿಗೆ ಸಾಮಾನ್ಯವಾಗಿ ಬದುಕಿರುವ ಮಗು ಇರಬಾರದು, ಹೆಂಡತಿಯ ವಯಸ್ಸು 23ರಿಂದ 50ರೊಳಗೆ ಇರಬೇಕು. ಹಣ ಕೊಟ್ಟು ಮಾಡಿಸುವಂತಿಲ್ಲ. ಅಂಡಾಶಯ ಉಳಿದಿರುವುದರಿಂದ ಅಂಡಾಣು ಅವಳದೇ ಆಗಬಹುದು. ದತ್ತು ತೆಗೆದುಕೊಳ್ಳುವ ದಾರಿಯೂ ಇದೆ. ‘ಅವಳಿಗೆ ಇನ್ನು ಮಕ್ಕಳಾಗುವುದಿಲ್ಲ’ ಎಂದು ಇನ್ನೊಂದು ಹೆಣ್ಣು ನೋಡಲು ಹೊರಟ ಮನೆಗಳನ್ನು ನಾನು ಬಲ್ಲೆ. ಆ ಮನೆಗಳಿಗೆ ಹೇಳಬೇಕಾದದ್ದನ್ನು ಊರಿನ ಹಿರಿಯರು ಹೇಳಬೇಕು, ಡಾಕ್ಟರು ಹೇಳಿದರೆ ಸಾಲದು.

ಕೊನೆಗೆ ಆಸ್ಪತ್ರೆಗಳಿಗೆ ನನ್ನ ಬೇಡಿಕೆ. ಗರ್ಭಕೋಶ ಕಳೆದುಕೊಂಡವಳು ಮನೆಗೆ ಹೋಗುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನ ಗೀಚಕ್ಷರದಲ್ಲಿ ಇರುತ್ತದೆ. ಹತ್ತು ವರ್ಷದ ಮೇಲೆ ಹೊಟ್ಟೆನೋವೆಂದು ಬೇರೆ ಊರಿನ ಡಾಕ್ಟರ ಬಳಿ ಹೋದಾಗ ಏನು ತೆಗೆದಿದ್ದಾರೆ, ಏನು ಉಳಿದಿದೆ ಎಂದು ಅವಳಿಗೂ ಗೊತ್ತಿರುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಆ ಕಾಗದದ ಜೊತೆ ಕನ್ನಡದಲ್ಲಿ ಅರ್ಧ ಪುಟ ಬರೆದುಕೊಡಿ: ಯಾವ ದಿನ, ಯಾಕೆ, ಏನು ತೆಗೆದೆವು, ಕಂಠ ಇದೆಯೋ ಇಲ್ಲವೋ, ಅಂಡಾಶಯ ಎರಡೂ ಇವೆಯೋ, ಎಷ್ಟು ಬಾಟಲಿ ರಕ್ತ ಹಾಕಿದೆವು, ಹಾಲು ಬಾರದಿದ್ದರೆ ಯಾರಿಗೆ ತೋರಿಸಬೇಕು. ಆರನೆಯ ವಾರ ಬರಬೇಕಾದ ತಾರೀಖನ್ನೂ ಬರೆಯಿರಿ. ಆ ದಿನ ಆಪರೇಷನ್ ಮಾಡಿದ ಡಾಕ್ಟರೇ ಕೂತಿರಲಿ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಅವಳೊಬ್ಬಳನ್ನೇ ಒಳಗೆ ಕರೆಯಲಿ, ಅವಳ ಪ್ರಶ್ನೆಗಳು ಮುಗಿಯುವವರೆಗೆ ಉತ್ತರ ಕೊಡಲಿ.